ಪುರಸೈವಾಕ್ಕಂನ ಮಿಡ್‌ಫೀಲ್ಡರ್

ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡಲು ನಿಂತವನಿಗೆ ಇಂಥವು ತಪ್ಪುವುದಿಲ್ಲ. ನಗು ಆಮೇಲೆ ಬರುತ್ತದೆ. ಕೆಲವಕ್ಕೆ ಇನ್ನೂ ಬಂದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದ್ರಾಸಿನಲ್ಲಿ ಇನ್ಶೂರೆನ್ಸ್ ಆಫೀಸಿನ ಗುಮಾಸ್ತ. ಬೆಳಿಗ್ಗೆ ನಮ್ಮ ಬಡಾವಣೆ ಪುರಸೈವಾಕ್ಕಂನ ಶಾಲೆಯೊಂದರ ಮೈದಾನದಲ್ಲಿ ಹುಡುಗಿಯರ ತಂಡಕ್ಕೆ ಕೋಚ್. ತಂಡದಲ್ಲಿ ಆಟ ಬರುತ್ತಿದ್ದದ್ದು ಒಬ್ಬಳಿಗೆ. ನಮ್ಮ ಬೀದಿಯ ಕನ್ನಡದವರ ಹುಡುಗಿ. ಮಿಡ್‌ಫೀಲ್ಡರ್. ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಸಲ ರಾಜ್ಯ ತಂಡದ ಜರ್ಸಿ ಹಾಕಿ ಆಡಬೇಕು.

೧. ಶುಕ್ರವಾರ

ಅವರ ಮನೆಯಲ್ಲಿ ಶುಕ್ರವಾರ ಹೆಣ್ಣುಮಕ್ಕಳಿಗೆ ಎಣ್ಣೆಸ್ನಾನ. ಒಂದು ಶುಕ್ರವಾರ ಬೆಳಿಗ್ಗೆ ಮ್ಯಾಚ್ ಬಂತು. ಅವಳ ಅಜ್ಜಿ ಬಿಡಲಿಲ್ಲ. ತಲೆಗೆ ಎಣ್ಣೆ ತಟ್ಟಿಯೇ ಕರೆತಂದರು. ಸ್ನಾನ ಮನೆಗೆ ವಾಪಸ್ ಹೋದ ಮೇಲೆ ಎಂದರು. ತಾವು ಗೆರೆಯ ಪಕ್ಕ ಕಾವಲು ಕೂತರು.

ಎದುರಿನವರ ಕಾರ್ನರ್. ಹುಡುಗಿ ತಲೆ ಕೊಟ್ಟಳು. ಚೆಂಡು ಜಾರಿ ನಮ್ಮ ಗೋಲಿಗೇ ಹೋಯಿತು. ಆಮೇಲೆ ಎಣ್ಣೆ ಮೆತ್ತಿದ ಆ ಚೆಂಡು ನಮ್ಮ ಗೋಲ್‌ಕೀಪರ್ ಕೈಯಲ್ಲೂ ನಿಲ್ಲಲಿಲ್ಲ. ಸೋತೆವು.

"ಏನಮ್ಮಾ ಇದು? ತಲೇಲಿ ಎಣ್ಣೆ ಸುರೀತಿದೆ," ಎಂದೆ.

"ಕಾಲಲ್ಲಿ ಆಡೋ ಆಟ ಅಂತ ನೀವೇ ತಾನೇ ಹೇಳಿದ್ದು?" ಎಂದರು ಅಜ್ಜಿ.

೨. ಸ್ವಂತ ಊರು

ತಮಿಳುನಾಡು ತಂಡಕ್ಕೆ ಆಯ್ಕೆ ನಡೆಯಿತು. ಚೆನ್ನಾಗಿ ಆಡಿದಳು. ಆಯ್ಕೆ ಮಾಡುವವರು ಕರೆದು, ಸ್ವಂತ ಊರು ಯಾವುದೆಂದು ಕೇಳಿದರು.

ಮದ್ರಾಸಿನ ಕನ್ನಡದವರ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಬಾಯಿಪಾಠ. ಎಷ್ಟು ತಲೆಮಾರಾದರೂ ಮುತ್ತಜ್ಜ ಬಿಟ್ಟುಬಂದ ಊರನ್ನೇ ಹೇಳಬೇಕು. ಹುಡುಗಿ ಹಾಸನದ ಕಡೆಯ ಒಂದು ಹಳ್ಳಿ ಹೇಳಿದಳು. ಅದನ್ನು ಅವಳ ಅಪ್ಪನೂ ಕಂಡಿರಲಿಲ್ಲ.

"ಕರ್ನಾಟಕದವಳಾ? ಹಾಗಾದರೆ ಅಲ್ಲೇ ಹೋಗಿ ಆಡಮ್ಮಾ," ಎಂದರು.

ವಿಷಯ ತಿಳಿದು ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಅಜ್ಜಿಗೆ ಸಂದೇಹ ಬೇರೆ.

"ಊರು ಕೇಳಿದವರು ಗೋತ್ರ ಕೇಳಲಿಲ್ವಾ?"

೩. ಬೆಂಗಳೂರು

ಮರುವರ್ಷ ಬೆಂಗಳೂರಿಗೆ ಕರೆದುಕೊಂಡು ಹೋದೆ. ಕರ್ನಾಟಕದವರಿಗೆ ಮಿಡ್‌ಫೀಲ್ಡರ್ ಬೇಕಾಗಿದ್ದಳು. ಆಡಿಸಿ ನೋಡಿದರು. ಮೆಚ್ಚಿದರು. ಅಲ್ಲಿಯ ಕೋಚ್ ಪ್ರೀತಿಯಿಂದಲೇ ಕೇಳಿದರು, "ಯಾವೂರಮ್ಮಾ ನಿಂದು?"

ನಾನು ದೂರದಲ್ಲಿದ್ದೆ. ಓಡಿದೆ. ಮುಟ್ಟುವ ಹೊತ್ತಿಗೆ ಹೇಳಿಯಾಗಿತ್ತು.

"ಏನಂದೆ?"

"ಪುರಸೈವಾಕ್ಕಂ ಅಂದೆ. ಹೋದ ಸಲ ತಪ್ಪಾಯ್ತಲ್ಲ ಮಾಮಾ, ಈ ಸಲ ಕರೆಕ್ಟಾಗಿ ಹೇಳಿದೆ," ಎಂದಳು. ಅದೂ ತಮಿಳಿನಲ್ಲಿ, ಕೋಚ್ ಎದುರಿಗೇ.

ವಾಪಸ್ ರೈಲಿನಲ್ಲಿ ಅವಳು ಕಿಟಕಿಗೆ ಮುಖ ಹಾಕಿ ಅಳುತ್ತಿದ್ದಳು. ಎರಡು ಊರಿನ ನಡುವಿನ ಜೋಲಾರ್‌ಪೇಟೆಯಲ್ಲಿ ರೈಲು ನಿಂತಿತು. ಕಣ್ಣೊರೆಸಿಕೊಂಡು ಬೋರ್ಡು ನೋಡಿದಳು.

"ಈ ಊರಿಗೆ ಟೀಮ್ ಇದೆಯಾ ಮಾಮಾ?"

೪. ಗೆಲುವು

ಅದರ ಮುಂದಿನ ವರ್ಷ ರಾಜ್ಯ ತಂಡಗಳ ಪಂದ್ಯಗಳು ಮದ್ರಾಸಿನಲ್ಲೇ ನಡೆದವು. ತಮಿಳುನಾಡಿನ ಆಟಗಾರ್ತಿಯೊಬ್ಬಳಿಗೆ ಕಾಮಾಲೆ ಆಯಿತು. ನಮಗೆ ಹೇಳಿಕಳಿಸಿದರು. ಆಳು ಬೇಕಾಗಿತ್ತು, ಏನೂ ಕೇಳಲಿಲ್ಲ. ಜರ್ಸಿ ಸಿಕ್ಕಿತು.

ಎದುರು ಕರ್ನಾಟಕ. ನಮ್ಮ ಬೀದಿಯ ಕನ್ನಡದವರೆಲ್ಲ ಬಂದು ಕೂತಿದ್ದರು. ಅಜ್ಜಿ ಮುಂದಿನ ಸಾಲು.

ಎರಡನೆಯ ಅರ್ಧದಲ್ಲಿ ಅವಳನ್ನು ಮೈದಾನಕ್ಕೆ ಇಳಿಸಿದರು. ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದು ಚೆಂಡಿಗಾಗಿ ಗಕ್ಕನೆ ತಿರುಗಿದಳು. ಮೊಣಕಾಲು ತಿರುಗಲಿಲ್ಲ. ಯಾರೂ ತಾಕಿರಲಿಲ್ಲ. ಬಿದ್ದಳು.

ಸ್ಟ್ರೆಚರಿನಲ್ಲಿ ತಂದು ಗೆರೆಯ ಆಚೆ ಮಲಗಿಸಿದರು. ಇನ್ನು ಆಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದು ಆಮೇಲೆ. ನನಗೆ ಅಲ್ಲೇ ಗೊತ್ತಾಯಿತು. ಅವಳಿಗೂ. ಜರ್ಸಿಯ ಅಂಚು ಹಲ್ಲಿನಲ್ಲಿ ಕಚ್ಚಿಕೊಂಡು ಅಳುತ್ತಿದ್ದಳು. ಕೊನೆಗಳಿಗೆಯಲ್ಲಿ ಕರ್ನಾಟಕ ಆ ಪಂದ್ಯದ ಒಂದೇ ಗೋಲು ಹೊಡೆಯಿತು. ಆಟ ಮುಗಿಯಿತು.

ಅಜ್ಜಿ ಮೆಟ್ಟಿಲಿಳಿದು ಬಂದರು. ನೆಲದ ಮೇಲೆ ಕೂತು ಮೊಮ್ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡರು. ಅವರೂ ಅಳುತ್ತಿದ್ದರು. ಸೆರಗಿನಿಂದ ಅವಳ ಕಣ್ಣೊರೆಸಿ ಸಮಾಧಾನ ಹೇಳಿದರು:

"ಅಳಬೇಡ ಕಣೇ. ಗೆದ್ದಿದ್ದು ನಮ್ಮೋರೇ ತಾನೇ?"