ಸಾಹೇಬರ ಮೂರುಮೂಲೆ ಲೆಕ್ಕ, ನನ್ನ ಮದುವೆ

ಕೆಲವರಿಗೆ ಶನಿ ಬೆನ್ನು ಹತ್ತುತ್ತದೆ, ನನಗೆ ನಗೆಪಾಟಲು. ನಿಜಾಮರ ಕಾಲದಲ್ಲಿ ಭೂಮಿ ಅಳೆಯುವ ಸಾಹೇಬರೊಬ್ಬರ ಕೈಕೆಳಗೆ, ಗುಡ್ಡದ ಮೇಲೆ ಅಳತೆಯ ಗುರುತಿಗೆ ನಿಶಾನಿ ಬಾವುಟ ಹಿಡಿದು ನಿಲ್ಲುವುದು ನನ್ನ ಕೆಲಸ. ಅಕ್ಷರ ಕಂಡವನಲ್ಲ ನಾನು. ಆದರೆ ನಿಂತೆನೆಂದರೆ ಗುಡ್ಡಕ್ಕೇ ನಾಚಿಕೆ ಬರಬೇಕು, ಅಷ್ಟು ಅಲುಗದೆ ನಿಲ್ಲುತ್ತಿದ್ದೆ. ಒಮ್ಮೆ ಹದ್ದೊಂದು ನನ್ನ ರುಮಾಲಿನ ಮೇಲೆ ಗೂಡು ಕಟ್ಟಿ, ಅದರ ಮರಿ ಹಾರಿಹೋದ ಮೇಲೇ ನಾನು ಕೆಳಗಿಳಿದದ್ದು. ಸುಳ್ಳೆನ್ನುವವರು ಆ ಹದ್ದನ್ನೇ ಕೇಳಲಿ.

ಜೇಬು

ಈಗಿನ ಸಾಲಿ ಹುಡುಗರು ಸೈನ್, ಕೊಸೈನ್ ಎನ್ನುವುದಕ್ಕೆ ಸಾಹೇಬರ ಉರ್ದು ಲೆಕ್ಕದಲ್ಲಿ ‘ಜೇಬ್’, ‘ಜೇಬ್ ತಮಾಮ್’ ಎಂದು ಹೆಸರು. ತ್ರಿಕೋನದ ಒಂದು ಗೆರೆಯನ್ನು ಸರಪಳಿಯಿಂದ ಅಳೆದು, ಎರಡು ಮೂಲೆಗಳನ್ನು ದುರ್ಬೀನಿನಲ್ಲಿ ನೋಡಿದರೆ ಸಾಕು, ಉಳಿದ ಗೆರೆಗಳ ಉದ್ದವನ್ನು ಪುಸ್ತಕ ತೆರೆದು ಕೂತಲ್ಲೇ ಹೇಳಿಬಿಡುತ್ತಿದ್ದರು.

ಯಲಬುರ್ಗಿ ಕಡೆಯ ಒಂದು ಊರಿನ ಚಾವಡಿಯಲ್ಲಿ ಕೂತು, ಪುಸ್ತಕದಲ್ಲಿ ಬೆರಳಾಡಿಸುತ್ತ ಸಾಹೇಬರು, “ಜೇಬ್... ಜೇಬ್ ಎಲ್ಲೈತಿ?” ಎಂದು ಗೊಣಗಿದರು. ಎದುರಿಗಿದ್ದ ಗೌಡ ಬೆದರಿ, ತನ್ನ ಜೇಬಿನಿಂದ ಅಡಿಕೆ, ಸುಣ್ಣದ ಡಬ್ಬಿ ತೆಗೆದಿಟ್ಟ.

“ಇಷ್ಟ ಐತ್ರಿ ಸಾಹೇಬ್ರ.”

ಸಾಹೇಬರು ತಲೆ ಎತ್ತದೆ ಹಾಳೆ ತಿರುವಿ, “ಈಗ ಜೇಬ್ ತಮಾಮ್!” ಎಂದರು.

ತಮಾಮ್ ಎಂದರೆ ಪೂರ್ತಿ ಎಂಬುದು ಗೌಡನಿಗೆ ಗೊತ್ತಿತ್ತು. ಅಂಗಿಯನ್ನೇ ಕಳಚಿ ಪುಸ್ತಕದ ಮೇಲಿಟ್ಟ.

“ಹಿಂಗ ತೊಗೊಂಡ್ಬಿಡ್ರಿ. ಜೇಬೊಂದನ್ನ ಬಿಚ್ಚಿ ಕೊಡಾಕ ಬರೂದಿಲ್ಲ, ಅಂಗಿಗೇ ಹೊಲದೈತಿ!”

ವಾಲಿದ ನಿಶಾನಿ

ಆಗ ಕುಷ್ಟಗಿಯ ಒಂದು ಹುಡುಗಿಯ ಮೇಲೆ ನನಗೆ ಮನಸ್ಸಾಗಿತ್ತು. ಅವಳಪ್ಪನದು ಒಂದೇ ಮಾತು: “ಗಂಗಾವತಿ ಭಾಳ ದೂರ. ಕೊಡಾಂಗಿಲ್ಲ.” ಕುಷ್ಟಗಿಯಿಂದ ನಮ್ಮೂರು ಗಂಗಾವತಿಗೆ ಬಂಡಿ ಕೊಪ್ಪಳ ಸುತ್ತಿಕೊಂಡೇ ಬರಬೇಕಿತ್ತು. ಅವಳು ತಪ್ಪಿದರೆ ನಾನು ಯಾವುದಾದರೂ ಗುಡ್ಡದ ಮೇಲೆ ಸನ್ಯಾಸಿಯಾಗಿ ಉಳಿಯುವವನೇ.

ಒಂದು ದಿನ ಕೊಪ್ಪಳದ ಗುಡ್ಡದಿಂದ ಇಳಿದು ಬಂದಾಗ ಸಾಹೇಬರು ಕೇಳಿದರು: “ನಿಶಾನಿ ಯಾಕ ವಾಲಿತ್ತು?”

“ಗಾಳಿ ಇತ್ರಿ.”

“ಗಾಳಿ ಬೀಸಿದ್ದು ಗಂಗಾವತಿ ಕಡೆ. ನೀ ವಾಲಿದ್ದು ಕುಷ್ಟಗಿ ಕಡೆ!”

ಹುಡುಗಿಯ ಸಂಗತಿಯನ್ನೆಲ್ಲ ಬಾಯಿಬಿಟ್ಟೆ. ಸಾಹೇಬರು ನಕ್ಕು, ಕೊಪ್ಪಳದಿಂದ ಎರಡೂ ಊರಿಗಿರುವ ದೂರ, ಆ ಎರಡು ಗೆರೆಗಳ ನಡುವಿನ ಮೂಲೆ ಹಿಡಿದು, ಜೇಬ್ ತಮಾಮ್ ಹಚ್ಚಿ ಗಂಗಾವತಿಯಿಂದ ಕುಷ್ಟಗಿಗೆ ಹೋಗುವ ಮೂರನೆಯ ಗೆರೆ ತೆಗೆದರು. ನೇರ ಹೋದರೆ ಎಷ್ಟೋ ಹತ್ತಿರ! ಕುಷ್ಟಗಿಗೆ ಓಡಿದೆ. ನನ್ನ ಹಿಂದೆ ಎದ್ದ ಧೂಳು ನಾನು ಮುಟ್ಟಿದ ಮರುದಿನ ಬಂದು ಸೇರಿತು. ಮಾವನಾಗಬೇಕಾದವನು ಎಲ್ಲ ಕೇಳಿ ಹೇಳಿದ:

“ನೆಟ್ಟಗ ಹಾರಿ ಹೋಗಾಕ ನನ್ನ ಮಗಳೇನ ಕಾಗಿ ಏನೋ ತಮ್ಮಾ?”

ದುರ್ಬೀನು

ಸಾಹೇಬರು ನನ್ನ ಕೈಬಿಡಲಿಲ್ಲ. ಕುಷ್ಟಗಿಯಲ್ಲಿ ಅಳತೆ ನಡೆದಾಗ ಹುಡುಗಿಯ ಅಪ್ಪನನ್ನು ಕರೆಸಿ, “ಹುಡುಗನ್ನ ಒಮ್ಮೆ ಕೆಲಸದಾಗ ನೋಡ್ರಿ, ಆಮ್ಯಾಲ ಒಲ್ಲೆ ಅನ್ರಿ” ಎಂದು ದುರ್ಬೀನಿಗೆ ಕಣ್ಣು ಹಚ್ಚಿಸಿದರು. ದೂರದ ದಿಬ್ಬದ ಮೇಲೆ ನಾನು ನಿಶಾನಿ ಹಿಡಿದು ನಿಂತಿದ್ದೆ. ಆ ಕಾಲದ ಅಳತೆ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಪಾಪ, ಅವನಿಗೇನು ಗೊತ್ತು?

“ಯಪ್ಪಾ! ತಲಿಕೆಳಗ ನಿಂತಾನಲ್ರೀ! ಎಷ್ಟೊತ್ತಿಂದ?”

“ಮುಂಜಾನಿಯಿಂದ ನಿಂತಾನ” ಎಂದರಂತೆ ಸಾಹೇಬರು. ನಿಂತದ್ದಂತೂ ಖರೆ.

“ರುಮಾಲ ಬಿದ್ದಿಲ್ಲ! ಧೋತರ ಸೈತ ಜಾರಿಲ್ಲ! ಇಂಥಾವ ಸಂಸಾರ ಬೀಳಾಕ ಬಿಡ್ತಾನೇನ್ರಿ? ಕೊಟ್ಟೆ, ನನ್ನ ಮಗಳನ್ನ ಕೊಟ್ಟೆ!”

ಹೈದರಾಬಾದಿಗೆ ಮರಳಿದ ಆ ಪುಣ್ಯಾತ್ಮರಿಗೆ ನಾನು ದಿನಾ ಕೈಮುಗಿಯುತ್ತೇನೆ. ಅವರ ಉಪಕಾರದಿಂದ ನನ್ನ ಮನೆ ತುಂಬಿತು. ಹೆಂಡತಿ ಮಾತ್ರ ರೊಟ್ಟಿ ಬಡಿಯುತ್ತ ಇಂದಿಗೂ ಅನ್ನುತ್ತಾಳೆ:

“ನಮ್ಮಪ್ಪ ನಿಮ್ಮನ್ನ ತಲಿಕೆಳಗ ನೋಡಿ ಹೂಂ ಅಂದ. ನೆಟ್ಟಗ ನೋಡಿದ್ದರ ನಾ ಬಚಾವಾಗ್ತಿದ್ದೆ!”