ಚೆಂಡು ಹಂಚದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಂಥ ಜಿಪುಣನನ್ನು ಜಯನಗರ ಇನ್ನೂ ಕಂಡಿಲ್ಲ. ದುಡ್ಡಿನಲ್ಲಲ್ಲ ಸ್ವಾಮಿ, ಚೆಂಡಿನಲ್ಲಿ! ಬಾಸ್ಕೆಟ್‌ಬಾಲ್‌ನಲ್ಲಿ ಗಾರ್ಡ್ ಎಂದರೆ ಚೆಂಡನ್ನು ಮುಂದಕ್ಕೆ ತಂದು ಜೊತೆಯವರಿಗೆ ಹಂಚಬೇಕಾದವನು. ಚಿಕ್ಕಪ್ಪ ಹಂಚುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಿದ್ದ. ತಾನೇ ತಂದು, ತಾನೇ ಎಸೆದು, ತಾನೇ ಗೆದ್ದು ಬರುತ್ತಿದ್ದ. ತಂಡದ ಉಳಿದವರು ಯಾರದೋ ಮನೆ ಮದುವೆಗೆ ಬಂದವರಂತೆ ನಿಂತಿರುತ್ತಿದ್ದರು.

ಐವತ್ತರ ದಶಕದ ಕೊನೆ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆಗೆಲ್ಲ ಆಟಗಾರನಿಗೆ ಅನ್ನ ಹಾಕುತ್ತಿದ್ದದ್ದು ಫ್ಯಾಕ್ಟರಿ. ದೊಡ್ಡ ಫ್ಯಾಕ್ಟರಿಯೊಂದು ಚಿಕ್ಕಪ್ಪನನ್ನು ತನ್ನ ತಂಡಕ್ಕೆಂದೇ ಕೆಲಸಕ್ಕೆ ತೆಗೆದುಕೊಂಡಿತು. ಹೆಸರಿಗೆ ಫಿಟ್ಟರ್. ಸ್ಪ್ಯಾನರನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ. ಬೆಳಿಗ್ಗೆ ಹಾಜರಿ ಹಾಕುವುದು, ಗ್ರೌಂಡಿಗೆ ಹೋಗುವುದು!

ಮನೆಯಲ್ಲಿ ತಾಪತ್ರಯ ಬೇರೆ. ಹಸಿ ಮೊಟ್ಟೆ ಕುಡಿಯಲೇಬೇಕೆಂದು ಕೋಚ್ ಹೇಳಿದ್ದರು. ಅಜ್ಜಿಯ ಮಡಿಗೆ ಮೊಟ್ಟೆ ಎಂಬ ಮಾತೂ ಮೈಲಿಗೆ. ಕೊನೆಗೆ ರಾಜಿಯಾಯಿತು. ಮೊಟ್ಟೆ ಕಾಂಪೌಂಡಿನ ಆಚೆ, ಬಾಯಿ ಮುಕ್ಕಳಿಸುವುದು ಹಿತ್ತಲಲ್ಲಿ, ಗೆದ್ದ ಕಪ್ ಮಾತ್ರ ಸೀದಾ ದೇವರ ಮನೆಗೆ! ಚಿಕ್ಕಮ್ಮ ಆ ಕಪ್‌ಗಳನ್ನು ಕಂಡಳೇ ಹೊರತು ಗಂಡನ ಆಟವನ್ನು ಒಮ್ಮೆಯೂ ಕಾಣಲಿಲ್ಲ. ಗಂಡಸರು ಚಡ್ಡಿ ಹಾಕಿಕೊಂಡು ಕುಣಿಯುವ ಕಡೆ ಮನೆಯ ಸೊಸೆ ಹೋಗುವುದುಂಟೆ?

ಕೆಲವು ವರ್ಷಗಳ ಮೇಲೆ, ಹಾರಿ ಕೆಳಗಿಳಿಯುವಾಗ ಚಿಕ್ಕಪ್ಪನ ಮಂಡಿ ತಿರುಚಿಕೊಂಡಿತು. ಡಾಕ್ಟರಾಯಿತು, ಎಣ್ಣೆಯಾಯಿತು, ಹರಕೆಯೂ ಆಯಿತು. ಮಂಡಿ ಸರಿಹೋಗಲಿಲ್ಲ. ತಂಡದಿಂದ ತೆಗೆದರು, ಕೆಲಸದಿಂದ ತೆಗೆಯಲಿಲ್ಲ. ಅದೇ ದೊಡ್ಡ ಶಿಕ್ಷೆಯಾಯಿತು. ಫಿಟ್ಟರ್ ಅಲ್ಲವೇ, ಬಾ ಕೆಲಸ ಮಾಡು ಎಂದರು. ಏನೂ ಬಾರದೆಂದು ತಿಳಿದ ಮೇಲೆ ಸ್ಟೋರಿನಲ್ಲಿ ಎಣ್ಣೆ ಒರೆಸುವ ಹಳೇ ಬಟ್ಟೆ ಕೊಡಲು ಕೂರಿಸಿದರು. ಜನ್ಮದಲ್ಲಿ ಚೆಂಡು ಹಂಚದವನು ಈಗ ಚಿಂದಿ ಹಂಚುತ್ತಿದ್ದ.

ಮನೆಯಲ್ಲಿ ಮಾತ್ರ ಮಂಡಿ ವಾಸಿಯಾಯಿತು, ಮತ್ತೆ ಆಡುತ್ತಿದ್ದೇನೆ ಎಂದುಬಿಟ್ಟ. ಆಟವೇ ಹೋದರೆ ಈ ಮನೆಯಲ್ಲಿ ತನಗೇನು ಬೆಲೆ ಎಂಬ ಹೆದರಿಕೆ ಪಾಪ. ಸಂಜೆ ಚಡ್ಡಿ, ಶೂ ತೊಟ್ಟು ಹೊರಡುತ್ತಿದ್ದ. ಲಾಲ್‌ಬಾಗಿನ ಬೆಂಚಿನ ಮೇಲೆ ಕೂತಿದ್ದು, ಸಿದ್ದಾಪುರದ ಬೀದಿ ನಲ್ಲಿಯಲ್ಲಿ ತಲೆ, ಬನಿಯನ್ ಎಲ್ಲ ನೆನೆಸಿಕೊಂಡು ಏದುಸಿರು ಬಿಡುತ್ತಾ ಬರುತ್ತಿದ್ದ. ಕಪ್ ಎಲ್ಲಿ ಎಂದರೆ ಸೋತೆವು ಎನ್ನುತ್ತಿದ್ದ. ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ನಾವು ಮಕ್ಕಳೂ ನಂಬಿದ್ದೆವು.

ಒಂದು ಸಂಜೆ ಅವನು ಶೂ ಕಟ್ಟಿ ಏಳುವುದರಲ್ಲಿದ್ದ. ಜಗುಲಿಯಲ್ಲಿ ನನ್ನ ಪಕ್ಕ ಹೂ ಕಟ್ಟುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ ಹೇಳಿದಳು.

"ಇವತ್ತು ಹೋಗ್ಬೇಡಿ."

"ಪ್ರಾಕ್ಟೀಸ್ ಇದೆ ಕಣೇ."

"ಬನಿಯನ್ ಒಗೆಯೋಳು ನಾನು. ಬೆವರು ಯಾವ್ದು, ನಲ್ಲಿ ನೀರು ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಯುಗಾದಿಯಿಂದ್ಲೂ ಗೊತ್ತು."

ಚಿಕ್ಕಪ್ಪ ಗೋಡೆ ಹಿಡಿದುಕೊಂಡು ಮತ್ತೆ ಕೂತ. "ಮತ್ಯಾಕೆ ಸುಮ್ನಿದ್ದೆ?" ಎಂದ.

"ನೀವೇ ಹೇಳ್ತೀರಿ ಅಂತ ಕಾದೆ. ಆ ಮಂಡೀಲಿ ಅಷ್ಟು ದೂರ ನಡೀಬೇಡಿ. ಗೆದ್ದು ಬರೋರೇ ಬೇಕು ಅಂತ ನಾನ್ಯಾವತ್ತು ಕೇಳಿದ್ದೆ?"

ಅಷ್ಟೆತ್ತರದ ಮನುಷ್ಯ ಅಳುವುದನ್ನು ನಾನು ನೋಡಿದ್ದು ಅಂದೇ. ಚಿಕ್ಕಮ್ಮ ಹೂವನ್ನು ನನ್ನ ಮಡಿಲಿಗೆ ಹಾಕಿ, ಅವನ ಮುಂದೆ ಕೂತು, ಅವನು ಬೇಡ ಬೇಡ ಎಂದರೂ ಕೇಳದೆ ಶೂ ಬಿಚ್ಚತೊಡಗಿದಳು.