ಬೀದಿ ನಲ್ಲಿ ಕಚೇರಿಯ ಆತ್ಮಪರಿಶೋಧನೆ

ಗುಂಡ್ಲುಪೇಟೆಯ ಬೀದಿ ನಲ್ಲಿ ಪಾಲನಾ ಉಪಕಚೇರಿಯ ಸಿಬ್ಬಂದಿಗೆ ಆತ್ಮವಿದೆ ಎಂಬುದು ಮೇಲಿನವರ ಗಮನಕ್ಕೆ ಬಂದದ್ದು ಈಚೆಗೆ. ಬಂದ ಮೇಲೆ ಸುಮ್ಮನಿರುವಂತಿಲ್ಲ, ಆಡಿಟ್ ಆಗಲೇಬೇಕು.

ಇದಕ್ಕೆ ಕಾರಣ ಅಲ್ಲಿನ ಗುಮಾಸ್ತ ಮರಿಯಪ್ಪ. ದೇವರನ್ನು ಭಾನುವಾರದ ಚರ್ಚಿನಲ್ಲೇ ಬಿಟ್ಟು ಸೋಮವಾರ ಒಬ್ಬನೇ ಕಚೇರಿಗೆ ಬರುವುದು ಅವನಿಗೆ ನಾಚಿಕೆ ಎನಿಸಿತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ಈ ಸಲದ ತಪಸ್ಸುಕಾಲದಲ್ಲಿ, ಊಟವಾದ ಮೇಲೆ ದಿನಾ ಹತ್ತು ನಿಮಿಷ ಕುರ್ಚಿಯಲ್ಲೇ ಕಣ್ಣು ಮುಚ್ಚಿ, ಯಾರ ಮೇಲೆ ಸಿಡುಕಿದೆ, ಯಾರನ್ನು ಸುಮ್ಮನೆ ಅಲೆಸಿದೆ ಎಂದು ಯೋಚಿಸಲು 'ಆತ್ಮಪರಿಶೋಧನೆಗೆ ಅನುಮತಿ' ಕೇಳಿ ಬರೆದುಕೊಟ್ಟ. ಅವರ ಚರ್ಚಿನಲ್ಲಿ ಅದಕ್ಕೆ ಹಾಗೇ ಹೇಳುವುದು.

ಕಚೇರಿಯ ಮುಖ್ಯಸ್ಥರಾದ ಮಹದೇವಸ್ವಾಮಿಯವರಿಗೆ 'ಪರಿಶೋಧನೆ' ಎಂಬುದಷ್ಟೇ ಕಾಣಿಸಿತು. ಕೈಯಲ್ಲಿದ್ದ ವಡೆ ತಟ್ಟೆಗೆ ಬಿತ್ತು.

"ಆಡಿಟ್ಟಾ? ಯಾರಯ್ಯ ಬರ್ತಾವ್ರೆ?"

"ಯಾರೂ ಬರಲ್ಲ ಸಾ. ನನ್ನೊಳಗ್ನ ನಾನೇ ನೋಡ್ಕತೀನಿ."

"ನಿಂದ ನೀನೇ ನೋಡ್ಕಂಡ್ರೆ ಅದು ಆಡಿಟ್ ಎಂಗಾದದಯ್ಯಾ?"

ಪ್ರಶ್ನೆ ನ್ಯಾಯವಾದದ್ದೇ. ಕಡತ ಚಾಮರಾಜನಗರಕ್ಕೆ ಹೋಗಿ ಸುತ್ತೋಲೆಯಾಗಿ ಮರಳಿತು: ಆತ್ಮವುಳ್ಳ ಸಕಲ ಸಿಬ್ಬಂದಿಯು ಊಟದ ನಂತರ ಕಣ್ಣು ಮುಚ್ಚಿ ಪರಿಶೋಧನೆಗೆ ಒಳಪಡತಕ್ಕದ್ದು. ಹತ್ತು ನಿಮಿಷದಲ್ಲಿ ಮುಗಿಯದ ಆತ್ಮಗಳಿಗೆ ಸಂಜೆಯ ಬಸ್ಸಿನವರೆಗೆ ಕಾಲಾವಕಾಶ. ಶ್ರೀ ಮರಿಯಪ್ಪ ಅವರೇ ಪರಿಶೋಧಕರು. ಪರಿಶೋಧಕರು ಪರಿಶೋಧನೆಗೆ ಒಳಪಡತಕ್ಕದ್ದಲ್ಲ.

ಯಾರ ಆತ್ಮವೂ ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ. ಹಿರಿಯ ಗುಮಾಸ್ತೆ ಶಿವರಂಜಿನಿ ಮಾತ್ರ ನಡುವೆ ಒಂದು ಕಣ್ಣು ತೆರೆದು, "ಸಾರ್, ಎಷ್ಟ್ ಹುಡುಕುದ್ರೂ ಒಳಗೇನೂ ಸಿಕ್ತಿಲ್ಲ" ಎಂದರು.

"'ನಿಲ್' ರಿಪೋರ್ಟ್ ಕೊಟ್ಬುಡಮ್ಮ" ಎಂದರು ಮಹದೇವಸ್ವಾಮಿ, ಕಣ್ಣು ತೆರೆಯದೆ.

ಇದೇ ತಾಲ್ಲೂಕಿನ ಮದ್ದೂರಿನ ಚಿಕ್ಕಮಾದಮ್ಮ ತಮ್ಮ ಬೀದಿಯ ನಲ್ಲಿ ರಿಪೇರಿಗಾಗಿ ಅಲೆದು ಅಲೆದು ಚಪ್ಪಲಿ ಸವೆಸಿದವರು. ಆ ದಿನ ಅವರು ಬಂದಾಗ ಕಣ್ಣು ಬಿಟ್ಟುಕೊಂಡಿದ್ದವನು ಮರಿಯಪ್ಪ ಒಬ್ಬನೇ. ಆ ಟೇಬಲ್ಲಿಗೆ ಹೋಗಿ, ಈ ಟೇಬಲ್ಲಿಗೆ ಹೋಗಿ ಎನ್ನೋಣವೆಂದರೆ ಯಾವ ಟೇಬಲ್ಲಿನಲ್ಲೂ ಎಚ್ಚರವಿಲ್ಲ. ತಾನೇ ಸಹಿ ಹಾಕಿ, ತಾನೇ ರಿಪೇರಿಯವನಿಗೆ ಫೋನ್ ಮಾಡಿದ.

"ಎಲ್ರೂ ಮನಗವ್ರಾ ಮಗಾ?"

"ಮನಗಿಲ್ಲ ಕಣವ್ವ. ಆತ್ಮಪರಿಶೋಧನೆ."

"ಮುಂಚ್ಲೂ ಅದ್ನೇ ಮಾಡ್ತಿದ್ರು, ಅದ್ರ ಎಸ್ರು ಗೊತ್ತಿರ್ನಿಲ್ಲ ಬುಡು. ಏಳುಸ್ಬ್ಯಾಡ."

ಮಾರನೆಯ ದಿನ ಮದ್ದೂರಿನ ಆ ಬೀದಿಗೆ ನೀರು ಬಂತು. ಸುದ್ದಿ ಹಬ್ಬಿ, ಪರಿಶೋಧನೆಯನ್ನು ಬೆಳಗಿನಿಂದಲೇ ಶುರುಮಾಡಬೇಕೆಂದು ಸುತ್ತಿನ ಊರಿನವರೇ ಮನವಿ ಕೊಟ್ಟರು. ಸಾರ್ವಜನಿಕ ಹಿತದೃಷ್ಟಿಯಿಂದ ಅದು ಕೂಡಲೇ ಮಂಜೂರಾಯಿತು.

ಊರೂರಿನ ನಲ್ಲಿಗಳಲ್ಲಿ ನೀರು ಬರತೊಡಗಿತು. ಮರಿಯಪ್ಪನಿಗೆ ಒಳಗೊಳಗೇ ತುಂಬ ಸಂತೋಷ. ಅದನ್ನು ಕೂತು ನೋಡಿಕೊಳ್ಳಲು ಹತ್ತು ನಿಮಿಷ ಮಾತ್ರ ಸಿಗುತ್ತಿರಲಿಲ್ಲ. ಕೊನೆಗೆ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೇಳಿಕೊಂಡ: "ಕೆಲ್ಸದ ಮಧ್ಯ ದೇವ್ರ ನೆನಿಯಕ್ಕೆ ಪುರ್ಸೊತ್ತೇ ಇಲ್ಲ ಫಾದರ್. ಎಲ್ರೂ ಅವ್ರವ್ರ ಆತ್ಮ ನೋಡ್ಕತಾವ್ರೆ, ನಂದು ಹಂಗೇ ಬಿದ್ದದೆ."

ಫಾದರ್ ಕಣ್ಣು ಮುಚ್ಚಿ ಬಹಳ ಹೊತ್ತು ಚಿಂತಿಸಿದರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಚರ್ಚ್ ಬೀದಿ ನಲ್ಲೀನೂ ಕೆಟ್ಟಿದೆ ಮರಿಯಪ್ಪ. ನಾಳೆ ಎಷ್ಟು ಹೊತ್ತಿಗೆ ಬರಲಿ?" ಎಂದರು.